ಮನೆಗೊಂದು ಪ್ರಿಂಟರ್, ಕೈಗೊಂದು ವಹಿ: ವಿಜಯಪುರ–ಬಾಗಲಕೋಟೆ ಕಡೆಯ ಮನೆಗಳಿಗೆ ಆಯ್ಕೆಯ ಮಾರ್ಗದರ್ಶಿ

ಮನೆಗೆ ಪ್ರಿಂಟರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು. ಪ್ರಿಂಟರ್‌ನ ಖರ್ಚಿನಲ್ಲಿ ದೊಡ್ಡ ಪಾಲು ಯಂತ್ರ ಮನೆಗೆ ಬಂದ ನಂತರವೇ ಬರುತ್ತದೆ, ಮತ್ತು ಆ ಪಾಲು ಎಷ್ಟೆಂಬುದು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಮನೆಯವರು ತಿಂಗಳಿಗೆ ಎಷ್ಟು ಪುಟ, ಯಾವ ಬಗೆಯ ಪುಟ ತೆಗೆಯುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ. ಈ ಸಂಗತಿ ಅಂದಾಜಿಗೆ ಸಿಗುವುದಿಲ್ಲ. ಬರೆದಿಟ್ಟರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಪ್ರಿಂಟರ್ ಮತ್ತು ಬರೆದಿಡುವ ಸಾಧನಗಳು ಎರಡು ಬೇರೆ ವಿಷಯಗಳಂತೆ ಕಂಡರೂ ಇಲ್ಲಿ ಅವುಗಳನ್ನು ಒಟ್ಟಿಗೇ ವಿವರಿಸಿದ್ದೇನೆ. ಬೆಲೆಗಳನ್ನು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ ಹಿಡಿದಿದ್ದೇನೆ. ಓದುಗರು ಆ ಜಾಗದಲ್ಲಿ ತಮ್ಮ ಊರಿನ ಅಂಗಡಿಯ ಬೆಲೆಯನ್ನು ಹಾಕಿ ನೋಡಬೇಕು.

ಕೊಳ್ಳುವ ಮೊದಲು ಎರಡು ತಿಂಗಳ ಲೆಕ್ಕ

ಒಂದು ಸಾದಾ ನೂರು ಪುಟದ ವಹಿಯನ್ನು ತೆಗೆದುಕೊಂಡು ಝೆರಾಕ್ಸ್ ಅಂಗಡಿಗೆ ಹೋದಾಗಲೆಲ್ಲ ಒಂದು ಸಾಲು ಬರೆಯಬೇಕು: ದಿನಾಂಕ, ಏನನ್ನು ತೆಗೆಸಿದಿರಿ, ಕಪ್ಪು–ಬಿಳುಪೋ ಬಣ್ಣವೋ, ಎಷ್ಟು ಪುಟ, ಎಷ್ಟು ಹಣ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಕಬ್ಬಿನ ತೂಕದ ಚೀಟಿಯ ಪ್ರತಿ, ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಬಣ್ಣದ ಚಿತ್ರ, ಎಸ್‌ಎಸ್‌ಎಲ್‌ಸಿ ಮಾದರಿ ಪ್ರಶ್ನೆಪತ್ರಿಕೆ, ಹೀಗೆ ಎಲ್ಲವೂ ಅದರಲ್ಲಿ ಬರಬೇಕು. ಸಾಲಿನ ಕೊನೆಗೆ ಇನ್ನೊಂದು ಕಲಂ ಇಟ್ಟು, ಈ ಕಾಗದವನ್ನು ಮುದ್ರಿಸದೆ ಮೊಬೈಲಿನಲ್ಲೇ ತೋರಿಸಬಹುದಿತ್ತೇ ಎಂದು ಪ್ರಾಮಾಣಿಕವಾಗಿ ಗುರುತು ಹಾಕಬೇಕು. ಲೆಕ್ಕ ಬರೆಯುವ ತಿಂಗಳನ್ನೂ ಗಮನಿಸಬೇಕು. ಜೂನ್‌ನಲ್ಲಿ ಶಾಲೆಗೆ ಹೆಸರು ಹಚ್ಚುವ ಕಾಲ ಮತ್ತು ಫೆಬ್ರವರಿ–ಮಾರ್ಚ್‌ನ ಪರೀಕ್ಷೆಯ ಕಾಲ ಉಳಿದ ತಿಂಗಳುಗಳಂತೆ ಇರುವುದಿಲ್ಲ; ಅಂಥ ಎರಡು ತಿಂಗಳ ಲೆಕ್ಕವನ್ನೇ ಇಡೀ ವರ್ಷಕ್ಕೆ ಗುಣಿಸಿದರೆ ಬೇಕಿಲ್ಲದ ಯಂತ್ರ ಮನೆಗೆ ಬರುತ್ತದೆ.

ತಿಂಗಳಿಗೆ ಮೂವತ್ತು ಪುಟದೊಳಗೆ ಮುಗಿಯುವ ಮನೆಗೆ ಪ್ರಿಂಟರ್ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪುಟಕ್ಕೆ 2 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಆಗುವ ಖರ್ಚು 720 ರೂಪಾಯಿ. ಆ ಹಣಕ್ಕೆ ಯಾವ ಯಂತ್ರವೂ ಬರುವುದಿಲ್ಲ, ಬಂದರೂ ಬಳಕೆಯಿಲ್ಲದೆ ಅದರ ಇಂಕು ಒಣಗುತ್ತದೆ. ಆದರೆ ತಿಕೋಟಾ, ಇಂಡಿ ಅಥವಾ ಮುಧೋಳದ ಕಡೆ ತೋಟದ ಮನೆಯಲ್ಲಿ ಇರುವವರ ಲೆಕ್ಕ ಬೇರೆ. ಒಂದು ಹಾಳೆಗಾಗಿ ಊರಿಗೆ ಹೋಗಿ ಬರಬೇಕೆಂದರೆ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಬಸ್ಸಿನ ಟಿಕೆಟ್ ದರ ಇಲ್ಲದಿದ್ದರೂ ಅರ್ಧ ದಿನದ ಕೆಲಸ ಹೋಗುತ್ತದೆ, ಮತ್ತು ಆ ಅರ್ಧ ದಿನದ ಕೂಲಿಯನ್ನು ಪುಟದ ಬೆಲೆಗೆ ಸೇರಿಸುವುದು ನ್ಯಾಯವೇ ಆಗಿದೆ.

ಮೂರು ಬಗೆಯ ಯಂತ್ರ, ಮೂರು ಬಗೆಯ ಖರ್ಚು

ಮೊದಲನೆಯದು ಸಣ್ಣ ಕಾರ್ಟ್ರಿಜ್ (ಇಂಕಿನ ಡಬ್ಬಿ) ಇರುವ ಇಂಕ್‌ಜೆಟ್, ಅಂದರೆ ಹಾಳೆಯ ಮೇಲೆ ಇಂಕು ಚಿಮ್ಮಿಸಿ ಮುದ್ರಿಸುವ ಯಂತ್ರ. ಯಂತ್ರ ಅಗ್ಗ, ಇಂಕು ತುಟ್ಟಿ. ಉದಾಹರಣೆಗೆ ಎಚ್‌ಪಿ 805 ಎಂಬ ಕಪ್ಪು ಕಾರ್ಟ್ರಿಜ್ ಸುಮಾರು 120 ಪುಟ ಕೊಡುತ್ತದೆಂದು ಕಂಪನಿಯೇ ಹೇಳುತ್ತದೆ. ಅದರ ಬೆಲೆಯನ್ನು 600 ರೂಪಾಯಿ ಎಂದು ಕಡಿಮೆಯಾಗಿಯೇ ಹಿಡಿದರೂ ಪುಟಕ್ಕೆ ಬರಿಯ ಇಂಕಿನ ಖರ್ಚೇ 5 ರೂಪಾಯಿ ಆಗುತ್ತದೆ, ಅಂದರೆ ಝೆರಾಕ್ಸ್ ಅಂಗಡಿಗಿಂತ ಎರಡೂವರೆ ಪಟ್ಟು. ಇಂಥ ಯಂತ್ರವನ್ನು ಅದರ ಬೆಲೆ ನೋಡಿ ಕೊಳ್ಳಬಾರದು.

ಎರಡನೆಯದು ಇಂಕ್ ಟ್ಯಾಂಕ್ ಪ್ರಿಂಟರ್. ಇದೂ ಇಂಕ್‌ಜೆಟ್‌ನದೇ ಒಂದು ಬಗೆ. ಎಪ್ಸನ್‌ನ ಎಲ್ ಸರಣಿ, ಕ್ಯಾನನ್‌ನ ಜಿ ಸರಣಿ, ಎಚ್‌ಪಿಯ ಸ್ಮಾರ್ಟ್ ಟ್ಯಾಂಕ್, ಬ್ರದರ್‌ನ ಟಿ ಸರಣಿ ಇವೆಲ್ಲ ಈ ಜಾತಿಗೆ ಸೇರಿದವು. ಬಾಟಲಿಯಿಂದ ಟ್ಯಾಂಕಿಗೆ ಇಂಕನ್ನು ಸುರಿದರೆ ಸಾಕು. ಎಪ್ಸನ್ 003 ಕಪ್ಪು ಬಾಟಲಿಯಲ್ಲಿ 65 ಮಿಲಿಲೀಟರ್ ಇಂಕು ಇದ್ದು, ಅದರಿಂದ 4,500 ಪುಟ ಬರುತ್ತವೆಂಬುದು ಕಂಪನಿಯ ಲೆಕ್ಕ. ಕ್ಯಾನನ್ ಜಿಐ-790 ಕಪ್ಪು ಬಾಟಲಿಗೆ 6,000 ಪುಟ. ಬಾಟಲಿ 450 ರೂಪಾಯಿ ಎಂದು ಹಿಡಿದರೆ 003ರಲ್ಲಿ ಪುಟಕ್ಕೆ 10 ಪೈಸೆ. ಈ ಪುಟಗಳ ಲೆಕ್ಕವು ಹಾಳೆಯ ಸಣ್ಣ ಭಾಗದಲ್ಲಿ ಮಾತ್ರ ಅಕ್ಷರ ಇರುವ ಮಾದರಿ ಪುಟಕ್ಕೆ ಹೇಳಿದ್ದೇ ಹೊರತು ಇಡೀ ಹಾಳೆ ತುಂಬುವ ಚಿತ್ರಕ್ಕೆ ಅಲ್ಲ. ಜೊತೆಗೆ ಹೊಸ ಯಂತ್ರವನ್ನು ಮೊದಲ ಸಲ ಶುರುಮಾಡುವಾಗ ಒಳಗಿನ ನಳಿಕೆಗಳು ತುಂಬಲು ಒಂದಷ್ಟು ಇಂಕು ಹೋಗುವುದರಿಂದ ಮೊದಲ ಬಾಟಲಿ ಕಡಿಮೆ ಪುಟ ಕೊಡುವುದು ಸಹಜ. ಅದನ್ನು ದೋಷವೆಂದು ತಿಳಿಯಬೇಕಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಟ್ಯಾಂಕ್ ಪ್ರಿಂಟರ್ ಎಲ್ಲರಿಗೂ ಉಳಿತಾಯವೆಂಬ ಮಾತು ಅಂಗಡಿಗಳಲ್ಲಿ ಬಹಳ ಸುಲಭವಾಗಿ ಬರುತ್ತದೆ. ಯಂತ್ರಕ್ಕೆ 13,000 ರೂಪಾಯಿ, 500 ಹಾಳೆಯ ರೀಮಿಗೆ 300 ರೂಪಾಯಿ ಎಂದು ಹಿಡಿಯೋಣ. ಹಾಳೆಗೆ 60 ಪೈಸೆ, ಇಂಕಿಗೆ 10 ಪೈಸೆ, ಒಟ್ಟು 70 ಪೈಸೆ. ಅಂಗಡಿಯ 2 ರೂಪಾಯಿಗೆ ಹೋಲಿಸಿದರೆ ಪುಟಕ್ಕೆ ಉಳಿಯುವುದು 1 ರೂಪಾಯಿ 30 ಪೈಸೆ. ಹಾಗಿದ್ದರೆ ಯಂತ್ರದ ಬೆಲೆ ಮರಳಿ ಬರಲು 10,000 ಪುಟ ಬೇಕು. ತಿಂಗಳಿಗೆ 100 ಪುಟ ತೆಗೆಯುವ ಮನೆಗೆ ಇದು ಎಂಟು ವರ್ಷ ದಾಟುತ್ತದೆ. 300 ಪುಟ ತೆಗೆಯುವ ಮನೆಗೆ ಮೂರು ವರ್ಷದೊಳಗೆ ಮುಗಿಯುತ್ತದೆ. ಬಣ್ಣದ ಪುಟ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಅಂಗಡಿಯಲ್ಲಿ ಬಣ್ಣದ ಪುಟಕ್ಕೆ 10 ರೂಪಾಯಿ ಕೊಡುತ್ತಿದ್ದರೆ ಮನೆಯಲ್ಲಿ ಪುಟಕ್ಕೆ ಸುಮಾರು 9 ರೂಪಾಯಿ ಉಳಿಯುತ್ತದೆ, ಮತ್ತು ಒಂದೂವರೆ ಸಾವಿರ ಪುಟದೊಳಗೇ ಯಂತ್ರದ ಹಣ ಬಂದಿರುತ್ತದೆ. ಆದ್ದರಿಂದ ವಹಿಯಲ್ಲಿ ಬಣ್ಣದ ಪುಟಗಳನ್ನು ಬೇರೆಯಾಗಿ ಬರೆಯುವುದು ಬಹಳ ಮುಖ್ಯ. ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸುತ್ತದೆ: ಟ್ಯಾಂಕ್ ಪ್ರಿಂಟರ್‌ನಲ್ಲಿ ಇಂಕಿಗಿಂತ ಹಾಳೆಯೇ ಆರು ಪಟ್ಟು ತುಟ್ಟಿ. ಇಂಕು ಉಳಿಸಲು ತಿಳಿಯಾಗಿ ಮುದ್ರಿಸುವುದಕ್ಕಿಂತ ಹಾಳೆಯ ಎರಡೂ ಮಗ್ಗಲು ಬಳಸುವುದರಿಂದ ಉಳಿಯುವ ಹಣ ಹೆಚ್ಚು.

ಮೂರನೆಯದು ಕಪ್ಪು–ಬಿಳುಪು ಲೇಸರ್. ಇದರಲ್ಲಿ ಇಂಕಿನ ಬದಲು ಟೋನರ್ ಎಂಬ ಪುಡಿ ಇರುತ್ತದೆ. ಒಣಗುವ ಪ್ರಶ್ನೆಯೇ ಇಲ್ಲ. ಎರಡು ತಿಂಗಳು ಮುಟ್ಟದೆ ಬಿಟ್ಟು ಮೂರನೆಯ ತಿಂಗಳು ಗುಂಡಿ ಒತ್ತಿದರೂ ಮೊದಲ ಪುಟವೇ ಸ್ವಚ್ಛವಾಗಿ ಬರುತ್ತದೆ. ಎಚ್‌ಪಿ 12ಎ ಟೋನರ್ ಸುಮಾರು 2,000 ಪುಟಕ್ಕೆ ಸಾಕಾಗುತ್ತದೆ, ಮತ್ತು ಅದನ್ನು ಮರುಭರ್ತಿ ಮಾಡಿಕೊಡುವವರು ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ಬ್ರದರ್ ಎಚ್‌ಎಲ್-ಎಲ್2321ಡಿಯಂಥ ಯಂತ್ರ ಹಾಳೆಯ ಎರಡೂ ಮಗ್ಗಲಿಗೆ ತಾನಾಗಿಯೇ ಮುದ್ರಿಸುತ್ತದೆ. ಕಾಲೇಜಿನ ನೋಟ್ಸ್, ಪ್ರಶ್ನೆಪತ್ರಿಕೆ, ಅರ್ಜಿ ಇಷ್ಟೇ ಬೇಕಾದ ಮನೆಗೆ, ಅದರಲ್ಲೂ ಬಳಕೆ ಬಿಟ್ಟುಬಿಟ್ಟು ಆಗುವ ಮನೆಗೆ, ನಾನು ಸೂಚಿಸುವುದು ಲೇಸರ್ ಅನ್ನೇ. ಆದರೆ ಕಡಿಮೆ ಬೆಲೆಯ ಲೇಸರ್‌ಗಳಲ್ಲಿ ಬಹುತೇಕ ಸ್ಕ್ಯಾನರ್ ಇರುವುದಿಲ್ಲ. ಪ್ರತಿ ತೆಗೆಯುವ ಕೆಲಸ ಹೆಚ್ಚಿದ್ದರೆ ಇದು ದೊಡ್ಡ ಕೊರತೆ. ಟೋನರ್ ಪುಡಿ ಚೆಲ್ಲಿದರೆ ಒಣ ಬಟ್ಟೆಯಿಂದಲೋ ತಣ್ಣೀರಿನಿಂದಲೋ ಒರೆಸಬೇಕು. ಬಿಸಿನೀರು ತಾಗಿದರೆ ಪುಡಿ ಕರಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ.

ಬೇಸಿಗೆ, ಧೂಳು, ಕರೆಂಟು

ನಮ್ಮ ಜಿಲ್ಲೆಗಳ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯೂ ಒಣಗಿರುತ್ತದೆ. ಇಂಕ್‌ಜೆಟ್‌ನಲ್ಲಿ ಇಂಕು ಚಿಮ್ಮಿಸುವ ತಲೆಯ ರಂಧ್ರಗಳು ಕೂದಲಿಗಿಂತ ಸಣ್ಣವು, ಮತ್ತು ಇಂಥ ಹವೆಯಲ್ಲಿ ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಅವುಗಳ ಬಾಯಲ್ಲಿ ಇಂಕು ಒಣಗುತ್ತದೆ. ಇದಕ್ಕೆ ಮದ್ದು ಸರಳವಾಗಿದೆ. ವಾರಕ್ಕೊಮ್ಮೆ ಕಪ್ಪು, ನೀಲಿ, ಕೆಂಪು, ಹಳದಿ ನಾಲ್ಕೂ ಬಣ್ಣ ಇರುವ ಒಂದು ಸಣ್ಣ ಪುಟವನ್ನು ತೆಗೆಯಬೇಕು. ರಂಧ್ರಗಳು ತೆರೆದಿವೆಯೇ ಎಂದು ತೋರಿಸಲು ಯಂತ್ರದಲ್ಲೇ ಇರುವ ನಾಝಲ್ ಚೆಕ್ ಪುಟ ಇದಕ್ಕೆ ಸಾಕು, ಬಳಸಿದ ಹಾಳೆಯ ಹಿಂಬದಿಯೂ ನಡೆಯುತ್ತದೆ. ಯಂತ್ರವನ್ನು ಬಂದ್ ಮಾಡುವಾಗ ಗೋಡೆಯ ಸ್ವಿಚ್ಚನ್ನು ನೇರವಾಗಿ ತೆಗೆಯದೆ ಪ್ರಿಂಟರ್‌ನ ಸ್ವಂತ ಗುಂಡಿಯನ್ನು ಒತ್ತಬೇಕು, ಏಕೆಂದರೆ ಆಗ ಮಾತ್ರ ತಲೆಯು ತನ್ನ ಮುಚ್ಚಳದ ಜಾಗಕ್ಕೆ ಹೋಗಿ ಕೂರುತ್ತದೆ. ಗೆರೆ ಬಿದ್ದರೆ ಹೆಡ್ ಕ್ಲೀನಿಂಗ್ ಮಾಡಬಹುದು, ಆದರೆ ಅದನ್ನು ಮೇಲಿಂದ ಮೇಲೆ ಮಾಡುವುದು ಹಾನಿ: ಪ್ರತಿ ಸಲವೂ ಇಂಕು ಖರ್ಚಾಗುತ್ತದೆ, ಆ ಇಂಕು ಯಂತ್ರದ ಅಡಿಯ ಹೀರುಪಟ್ಟಿಗೆ ಹೋಗಿ ಸೇರುತ್ತದೆ, ಆ ಪಟ್ಟಿ ತುಂಬಿದ ದಿನ ಪ್ರಿಂಟರ್ ನಿಂತುಹೋಗಿ ಸರ್ವಿಸ್ ಕೇಳುತ್ತದೆ. ಒಂದೆರಡು ಸಲ ಮಾಡಿಯೂ ಗೆರೆ ಹೋಗದಿದ್ದರೆ ರಾತ್ರಿಯೆಲ್ಲ ಬಿಟ್ಟು ಮರುದಿನ ಮತ್ತೊಮ್ಮೆ ನೋಡುವುದು ಒಳ್ಳೆಯದು.

ಎರಿ ಮಣ್ಣಿನ ಧೂಳು ಕಿಟಕಿ ಮುಚ್ಚಿದ ಮನೆಯೊಳಗೂ ಬರುತ್ತದೆ. ಹಿಂದಿನಿಂದ ಹಾಳೆ ಹಾಕುವ ಯಂತ್ರಗಳ ಬಾಯಿ ಸದಾ ತೆರೆದಿರುವುದರಿಂದ ಧೂಳು ರಬ್ಬರ್ ಗಾಲಿಯ ಮೇಲೆ ಕೂತು, ಹಾಳೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಹಾಳೆಯನ್ನು ತೆಗೆದಿಟ್ಟು ಹಳೆಯ ಸೀರೆಯ ತುಂಡನ್ನಾದರೂ ಹೊದಿಸಬೇಕು.

ಕರೆಂಟಿನ ವಿಷಯದಲ್ಲಿ ಎರಡು ಜಾತಿಯ ಯಂತ್ರಗಳಿಗೆ ಅಜಗಜಾಂತರ. ಇಂಕ್ ಟ್ಯಾಂಕ್ ಯಂತ್ರ ಮುದ್ರಿಸುವಾಗ ಒಂದು ಎಲ್‌ಇಡಿ ಬಲ್ಬಿನಷ್ಟು ವಿದ್ಯುತ್ತನ್ನು ಮಾತ್ರ ಎಳೆಯುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ. ಲೇಸರ್ ಪ್ರಿಂಟರ್ ಟೋನರ್ ಪುಡಿಯನ್ನು ಹಾಳೆಗೆ ಬಿಸಿಯಿಂದ ಅಂಟಿಸುವುದರಿಂದ ಮುದ್ರಿಸುವಾಗ ನೂರಾರು ವ್ಯಾಟ್ ಎಳೆಯುತ್ತದೆ, ಅಂಟಿಸುವ ಗಾಲಿ ಬಿಸಿಯಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಅದನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಹೆಸ್ಕಾಂ ಕರೆಂಟ್ ಬರುವ ತನಕ ಕಾಯಬೇಕು. ಮಧ್ಯಾಹ್ನ ಕರೆಂಟ್ ತೆಗೆಯುವ ಹಳ್ಳಿಯಲ್ಲಿ ಇದೊಂದೇ ಕಾರಣಕ್ಕೆ ಇಂಕ್ ಟ್ಯಾಂಕ್ ಆಯ್ದುಕೊಂಡರೂ ತಪ್ಪಿಲ್ಲ.

ನೀರು ಬಿದ್ದರೆ ಅಕ್ಷರ ಉಳಿಯಬೇಕು

ಪುಟದ ಬೆಲೆ ನೋಡುವವರು ಇಂಕಿನ ಜಾತಿಯನ್ನು ನೋಡುವುದಿಲ್ಲ. ಡೈ ಇಂಕು ನೀರಿನಲ್ಲಿ ಕರಗಿದ ಬಣ್ಣ. ಒದ್ದೆ ಬೆರಳು ತಾಗಿದರೂ ಹರಡುತ್ತದೆ. ಪಿಗ್ಮೆಂಟ್ ಇಂಕು ಸಣ್ಣ ಕಣಗಳ ರೂಪದಲ್ಲಿ ಹಾಳೆಯ ಮೇಲೆ ಕೂರುವುದರಿಂದ ಬೇಗ ಅಳಿಯುವುದಿಲ್ಲ. ಎಪ್ಸನ್ 003ರಲ್ಲಿ ಕಪ್ಪು ಸೇರಿ ನಾಲ್ಕೂ ಬಣ್ಣ ಡೈ. ಕ್ಯಾನನ್ ಜಿಐ-790ರಲ್ಲಿ ಕಪ್ಪು ಪಿಗ್ಮೆಂಟ್, ಉಳಿದವು ಡೈ. ಎಚ್‌ಪಿಯಲ್ಲಿಯೂ ಜಿಟಿ53 ಕಪ್ಪು ಪಿಗ್ಮೆಂಟ್, ಅದರ ಜೊತೆಗಿನ ಜಿಟಿ52 ಬಣ್ಣಗಳು ಡೈ. ಶಾಲೆಯ ಚಿತ್ರಗಳು, ಫೋಟೊ ಹೆಚ್ಚಿದ್ದರೆ ನಾಲ್ಕೂ ಡೈ ಇರುವ ಯಂತ್ರವೇ ಸೊಗಸು. ಪಹಣಿ, ಪ್ರಮಾಣಪತ್ರ, ಅರ್ಜಿಗಳನ್ನು ಹಿಡಿದು ಮಳೆಗಾಲದಲ್ಲಿ ತಹಶೀಲ್ದಾರ್ ಕಚೇರಿ, ಎಪಿಎಂಸಿ, ಬ್ಯಾಂಕ್ ಎಂದು ಓಡಾಡುವ ಮನೆಗೆ ಪಿಗ್ಮೆಂಟ್ ಕಪ್ಪು ಇರುವ ಯಂತ್ರ ಅಥವಾ ಲೇಸರ್ ಸೂಕ್ತ.

ಪ್ರತಿ ತೆಗೆಯುವ ಸೌಕರ್ಯವನ್ನು ನಮ್ಮ ಕಡೆಯ ರೈತರ ಮನೆಯವರು ಕಡೆಗಣಿಸಬಾರದೆಂದು ಒತ್ತಿ ಹೇಳುತ್ತೇನೆ. ತೂಕದ ಸೇತುವೆಯ ಚೀಟಿ, ಎಟಿಎಂ ಚೀಟಿ, ಬಸ್ ಟಿಕೆಟ್, ಅಂಗಡಿಯ ಬಿಲ್ಲುಗಳಲ್ಲಿ ಬಹಳಷ್ಟು ಥರ್ಮಲ್ ಕಾಗದದವು. ಅದರಲ್ಲಿ ಇಂಕೇ ಇರುವುದಿಲ್ಲ. ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಅದೇ ಕಾರಣಕ್ಕೆ ಬಿಸಿಲಿಗೆ ಇಟ್ಟರೆ ಇಡೀ ಚೀಟಿ ಕಪ್ಪಾಗಬಹುದು, ಬೀರುವಿನಲ್ಲಿ ಇಟ್ಟರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸಬಹುದು. ಕಾರ್ಖಾನೆಗೆ ಕಬ್ಬು ಕಳಿಸಿದವರು ಬಾಕಿ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದಾಗ ಕೈಯಲ್ಲಿ ಉಳಿಯುವ ಆಧಾರ ಆ ಚೀಟಿಯೇ. ಚೀಟಿ ಬಂದ ದಿನವೇ ಪ್ರತಿ ತೆಗೆದು, ಮೂಲಕ್ಕೆ ಪಿನ್ ಹಚ್ಚಿ ಫೈಲಿನಲ್ಲಿ ಇಡಬೇಕು. ಅದನ್ನು ಕಾಪಾಡುವ ಉದ್ದೇಶದಿಂದ ಲ್ಯಾಮಿನೇಶನ್ ಮಾಡಿಸಬಾರದು. ಲ್ಯಾಮಿನೇಶನ್ ಯಂತ್ರದ ಬಿಸಿಗೆ ಥರ್ಮಲ್ ಚೀಟಿ ಪೂರ್ತಿ ಕಪ್ಪಾಗುತ್ತದೆ.

ಮೊಬೈಲಿನಿಂದ ಮುದ್ರಣ, ಕನ್ನಡದ ಮುದ್ರಣ

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ವೈ-ಫೈ ಇರುವ ಮಾದರಿಯನ್ನೇ ಕೊಳ್ಳಬೇಕು. ಹೆಸರುಗಳು ಹತ್ತಿರ ಇರುವುದರಿಂದ ಇಲ್ಲಿ ಮೋಸಹೋಗುವುದು ಸುಲಭ: ಎಪ್ಸನ್ ಎಲ್3210 ಕೇವಲ ಯುಎಸ್‌ಬಿ, ಎಲ್3250 ವೈ-ಫೈ ಸಹಿತ, ಕ್ಯಾನನ್ ಜಿ2010 ಯುಎಸ್‌ಬಿ, ಜಿ3010 ವೈ-ಫೈ ಸಹಿತ. ಮನೆಯಲ್ಲಿ ರೌಟರ್ ಇಲ್ಲದಿದ್ದರೂ ವೈ-ಫೈ ಡೈರೆಕ್ಟ್ ಮೂಲಕ ಮೊಬೈಲನ್ನು ಪ್ರಿಂಟರ್‌ಗೆ ನೇರವಾಗಿ ಜೋಡಿಸಬಹುದು. ರೌಟರ್ ಇದ್ದರೆ ಅದರ 2.4 ಗಿಗಾಹರ್ಟ್ಝ್ ಜಾಲಕ್ಕೆ ಜೋಡಿಸಬೇಕು, ಏಕೆಂದರೆ ಕಡಿಮೆ ಬೆಲೆಯ ಬಹಳಷ್ಟು ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಝ್ ಜಾಲ ಕಾಣಿಸುವುದೇ ಇಲ್ಲ.

ಕನ್ನಡ ಮುದ್ರಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ (ಫಾಂಟ್) ಟೈಪು ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಟೈಪು ಮಾಡಿದ ಕಂಪ್ಯೂಟರಿನಲ್ಲೇ ಅದನ್ನು ಪಿಡಿಎಫ್ ಮಾಡಿಸಿಕೊಂಡು ಬರಬೇಕು. ವಿಂಡೋಸ್ 10 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಪ್ರಿಂಟ್ ಆಯ್ಕೆಯಲ್ಲೇ ಪಿಡಿಎಫ್ ಮಾಡುವ ಸೌಲಭ್ಯ ಇದೆ. ಎರಡನೆಯದು ಒತ್ತಕ್ಷರದ ಮಾತು. ಡ್ರಾಫ್ಟ್ ಎಂಬ ತಿಳಿ ಮುದ್ರಣದಲ್ಲಿ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಕನ್ನಡದ ಸಣ್ಣ ಒತ್ತು, ದೀರ್ಘ, ಅರ್ಕಾವೊತ್ತುಗಳು ಮಸುಕಾಗಿ ಮಕ್ಕಳಿಗೆ ಓದಲು ತ್ರಾಸಾಗುತ್ತದೆ. ಮಕ್ಕಳ ಓದಿಗೆ ಸಾಮಾನ್ಯ ಗುಣಮಟ್ಟದಲ್ಲೇ ಮುದ್ರಿಸಿ, ಉಳಿತಾಯವನ್ನು ಹಾಳೆಯಲ್ಲಿ ಮಾಡುವುದು ಸರಿ: ಒಂದು ಮಗ್ಗಲಿಗೆ ಎರಡು ಪುಟ ಕೂರಿಸಿದರೆ 12 ಅಳತೆಯ ಅಕ್ಷರ ಸುಮಾರು ಎಂಟೂವರೆಗೆ ಇಳಿಯುತ್ತದೆ, ಅಷ್ಟು ಓದಬಹುದು. ನಾಲ್ಕು ಪುಟ ಕೂರಿಸಿದರೆ ಆರಕ್ಕೆ ಇಳಿದು ಒತ್ತಕ್ಷರಗಳು ಕಾಣದಾಗುತ್ತವೆ.

ಹಾಳೆ

ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ; ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರ್. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದು. ಹಾಗಾಗಿ 500 ಹಾಳೆಯ ರೀಮನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು: 70 ಜಿಎಸ್‌ಎಂ ರೀಮು ಸುಮಾರು 2.18 ಕಿಲೊ, 75 ಆದರೆ 2.34 ಕಿಲೊ, 80 ಆದರೆ 2.5 ಕಿಲೊ ತೂಗಬೇಕು. ಮೇಲೆ 75 ಎಂದು ಬರೆದು 2.2 ಕಿಲೊ ಮಾತ್ರ ತೂಗಿದರೆ ಹಾಳೆ ತೆಳುವಾಗಿದೆ ಅಥವಾ ಎಣಿಕೆ ಕಡಿಮೆಯಿದೆ. ಮನೆಯ ಬಳಕೆಗೆ 70 ಸಾಕು. ಎರಡೂ ಮಗ್ಗಲು ಬಳಸುವವರಿಗೆ 75 ಒಳ್ಳೆಯದು, ಹಿಂಬದಿಯ ಅಕ್ಷರ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಪಕ್ಕದ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಾಪಿಯರ್ ಹಾಳೆಯನ್ನೂ ತಯಾರಿಸುತ್ತದೆ. ಹೆಸರಾಂತ ಬ್ರ್ಯಾಂಡೇ ಆಗಬೇಕೆಂದಿಲ್ಲ, ಅಂಚು ನೇರವಾಗಿ ಕತ್ತರಿಸಿದ, ಧೂಳು ಬಿಡದ ಹಾಳೆ ಆದರಾಯಿತು. ಬಿಚ್ಚಿದ ರೀಮನ್ನು ಅದರ ಹೊದಿಕೆಯಲ್ಲೇ ಮಡಚಿ ಇಡಬೇಕು. ಬೆಳಗಾವಿಯ ಕಡೆ ಜುಲೈನ ಜಿಟಿಜಿಟಿ ಮಳೆಯಲ್ಲಿ ಹಾಳೆ ತೇವ ಹೀರಿ ಸುರುಳಿಯಾಗುತ್ತದೆ, ಸುರುಳಿಯಾದ ಹಾಳೆ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ.

ಬರೆದಿಡುವ ಸಾಧನಗಳು

ಮನೆಯಲ್ಲಿ ಬರೆದಿಡುವ ವಿಷಯಗಳನ್ನು ಎರಡು ಗುಂಪು ಮಾಡಿಕೊಂಡರೆ ಸಾಧನದ ಆಯ್ಕೆ ಸುಲಭವಾಗುತ್ತದೆ. ದಿನದಿನವೂ ಬರೆದು ತಿಂಗಳಿಗೊಮ್ಮೆ ಕೂಡಿಸುವಂಥವು ಕಾಗದದಲ್ಲಿ ಇರಬೇಕು. ಎಂದೋ ಒಮ್ಮೆ ಹುಡುಕಿ ತೆಗೆಯುವಂಥವು ಮೊಬೈಲಿನಲ್ಲಿ ಇರಬೇಕು.

ಹಾಲಿನ ಲೆಕ್ಕ, ಕಿರಾಣಿ ಉದ್ದರಿ, ಆಳುಗಳ ಪಗಾರ, ಮನೆಖರ್ಚು ಇವುಗಳಿಗೆ ಕಿರ್ದಿಯಂತೆ ಬರೆಯುವ ಒಂದು ಉದ್ದನೆಯ ಗಟ್ಟಿ ರಟ್ಟಿನ ವಹಿಗಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲವೆಂದು ನಾನು ನಂಬುತ್ತೇನೆ. ಮನೆಯ ಹಿರಿಯರಿಂದ ಹಿಡಿದು ಮಕ್ಕಳ ತನಕ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಚಾರ್ಜ್ ಬೇಡ, ಪಾಸ್‌ವರ್ಡ್ ಬೇಡ. ದಾರದಿಂದ ಹೊಲಿದ ವಹಿಯನ್ನು ಆರಿಸಬೇಕು. ಬರಿಯ ಅಂಟಿನಿಂದ ಕಟ್ಟಿದ್ದು ನಮ್ಮ ಬೇಸಿಗೆಯ ಬಿಸಿಗೆ ಬೆನ್ನು ಬಿಟ್ಟುಕೊಳ್ಳುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಕೊನೆಯ ಪುಟದಲ್ಲಿ ಎರಡು ಸಾಲು ಬರೆದು ಹಿಂಬದಿಯನ್ನು ನೋಡಬೇಕು. ಬರೆದದ್ದು ಹಿಂದೆ ಕಾಣುತ್ತಿದ್ದರೆ ಅರ್ಧ ಪುಟಗಳು ಬಳಕೆಗೆ ಬರುವುದಿಲ್ಲ. ಪೆನ್ನು ಸಾದಾ ಬಾಲ್ ಪೆನ್ ಆಗಿರಲಿ. ಅದರ ಮಸಿ ಎಣ್ಣೆಯ ಆಧಾರದ್ದಾಗಿರುವುದರಿಂದ ಬೆವರು, ಮಳೆಹನಿ ತಾಗಿದರೂ ಉಳಿಯುತ್ತದೆ. ಜೆಲ್ ಪೆನ್ನಿನ ಅಕ್ಷರ ಅಂದವಾಗಿದ್ದರೂ ಲೆಕ್ಕದ ಪುಸ್ತಕಕ್ಕೆ ಅದು ತರವಲ್ಲ.

ದ್ರಾಕ್ಷಿ, ದಾಳಿಂಬೆ ಬೆಳೆಯುವವರು ಔಷಧ ಸಿಂಪಡಣೆಗೆ ಬೇರೆಯೇ ವಹಿ ಇಡಬೇಕು, ಮನೆಖರ್ಚಿನಲ್ಲಿ ಬೆರೆಸಬಾರದು. ದಿನಾಂಕ, ಯಾವ ಪ್ಲಾಟು, ಔಷಧದ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಲೀಟರಿಗೆ ಎಷ್ಟು, ಯಾರು ಹೊಡೆದರು, ಕೊಯ್ಲಿಗೆ ಎಷ್ಟು ದಿನ ಉಳಿದಿದೆ, ಇಷ್ಟು ಕಲಂ ಸಾಕು. ರಫ್ತಿನ ಮಾಲಿಗೆ ಔಷಧದ ಉಳಿಕೆಯ ಪ್ರಶ್ನೆ ಬಂದಾಗ ಉತ್ತರ ಕೊಡುವುದು ಈ ಪುಸ್ತಕವೇ. ಪ್ರಿಂಟರ್ ಇರುವವರು ಈ ಕಲಂಗಳ ಕೋಷ್ಟಕವನ್ನು ಒಮ್ಮೆ ತಯಾರಿಸಿ ಹತ್ತಾರು ಹಾಳೆ ಮುದ್ರಿಸಿ, ಪಂಚ್ ಹೊಡೆದು ರಿಂಗ್ ಫೈಲಿಗೆ ಹಾಕಿಕೊಂಡರೆ ಗೆರೆ ಎಳೆಯುವ ಕೆಲಸ ತಪ್ಪುತ್ತದೆ. ಮನೆಯ ಪ್ರಿಂಟರ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಂಡಿಲ್ಲ.

ಮೊಬೈಲಿನಲ್ಲಿ ಇಡುವುದಕ್ಕೆ ಹಣ ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ಗೂಗಲ್ ಕೀಪ್ ಚಿಕ್ಕ ಟಿಪ್ಪಣಿಗಳಿಗೆ, ಮೈಕ್ರೋಸಾಫ್ಟ್‌ನ ಒನ್‌ನೋಟ್ ದೊಡ್ಡ ಪಾಠಗಳಿಗೆ ಸಾಕು, ಎರಡೂ ಉಚಿತ. ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಟೈಪು ಮಾಡಬಹುದು, ಬಾಯಲ್ಲಿ ಹೇಳಿ ಬರೆಸಬಹುದು, ಬೆರಳಿನಿಂದ ಬರೆಯಲೂಬಹುದು. ಟೈಪು ಬಾರದ ಹಿರಿಯರಿಗೆ ಈ ಕೊನೆಯದು ವರವೇ ಸರಿ. ಮೊಬೈಲಿನಲ್ಲಿ ಬರೆದ ಕನ್ನಡ ಯೂನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ, ಆಗಿರುವುದರಿಂದ ಒಂದು ಪದ ಕೊಟ್ಟು ಹುಡುಕಿದರೆ ಟಿಪ್ಪಣಿ ಸಿಗುತ್ತದೆ. ಗೂಗಲ್ ಲೆನ್ಸ್ ಮುದ್ರಿತ ಕನ್ನಡವನ್ನು ಓದಿ ಅಕ್ಷರಗಳಾಗಿ ಮಾರ್ಪಡಿಸುತ್ತದೆ; ಕೈಬರಹದಲ್ಲಿ ಅಷ್ಟು ನೆಚ್ಚಿಕೊಳ್ಳುವಂತಿಲ್ಲ. ಮುಖ್ಯ ಕಾಗದಗಳ ಚಿತ್ರವನ್ನು ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು ಬಿಡುವ ರೂಢಿ ಬಹಳ ಮನೆಗಳಲ್ಲಿದೆ. ಅದು ಸಂಗ್ರಹವಲ್ಲ, ಫೋನ್ ಬದಲಾದಾಗ ಅಥವಾ ಜಾಗ ತುಂಬಿ ಅಳಿಸಿದಾಗ ಕಾಗದವೂ ಹೋಗುತ್ತದೆ. ಗೂಗಲ್ ಡ್ರೈವ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಇಡುವುದೇ ಸರಿಯಾದ ಕ್ರಮ. ಒಂದು ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ಇಮೇಲ್ ಮತ್ತು ಫೋಟೊಗಳೂ ಸೇರುತ್ತವೆ ಎಂಬುದು ನೆನಪಿರಲಿ. ಆಧಾರ್, ಚಾಲನಾ ಪರವಾನಗಿ, ಅಂಕಪಟ್ಟಿಗಳಿಗೆ ಸರ್ಕಾರದ ಡಿಜಿಲಾಕರ್ ಇದೆ. ಅದರಲ್ಲಿ ಇಲಾಖೆಯೇ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲದ ಮಾನ್ಯತೆ ಇರುವುದರಿಂದ ಎಷ್ಟೋ ಪ್ರತಿಗಳನ್ನು ಮುದ್ರಿಸುವ ಅಗತ್ಯವೇ ಬೀಳುವುದಿಲ್ಲ.

ಮಕ್ಕಳಿಗಾಗಿ ಕೆಲವು ನೂರು ರೂಪಾಯಿಗೆ ಸಿಗುವ ಎಲ್‌ಸಿಡಿ ಪಾಟಿ ಕಾಗುಣಿತ ತಿದ್ದಲು, ಮಗ್ಗಿ ಬರೆಯಲು ಬಹಳ ಒಳ್ಳೆಯದು. ಗುಂಡಿ ಒತ್ತಿದರೆ ಎಲ್ಲವೂ ಅಳಿಯುತ್ತದೆ, ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ. ಅಭ್ಯಾಸಕ್ಕೆ ಅದು, ಟಿಪ್ಪಣಿಗೆ ಅಲ್ಲ. ಬರೆಯಲೆಂದೇ ಬರುವ ದುಬಾರಿ ಎಲೆಕ್ಟ್ರಾನಿಕ್ ಟ್ಯಾಬ್ಲೆಟ್‌ಗಳ ಅವಶ್ಯಕತೆ ಸಾಮಾನ್ಯ ಮನೆಗೆ ಇಲ್ಲ.

ಅಂಗಡಿಯಲ್ಲಿ

ಹಣ ಕೊಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ, ಈ ಕಂಪನಿಯ ಸರ್ವಿಸ್ ಎಲ್ಲಿ ಎಂಬುದು. ವಿಜಯಪುರದಲ್ಲೇ ಇದೆಯೇ, ಮನೆಗೆ ಬರುತ್ತಾರೆಯೇ, ಅಥವಾ ಯಂತ್ರವನ್ನು ಹುಬ್ಬಳ್ಳಿಗೋ ಸೋಲಾಪುರಕ್ಕೋ ಹೊತ್ತು ಒಯ್ಯಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಕು ತುಂಬಿದ ಟ್ಯಾಂಕ್ ಪ್ರಿಂಟರನ್ನು ಬಸ್ಸಿನಲ್ಲಿ ಒಯ್ಯುವುದು ಸುಲಭದ ಕೆಲಸವಲ್ಲ. ಓರೆಯಾದರೆ ಒಳಗೆ ಚೆಲ್ಲಿ ಯಂತ್ರವೇ ಕೆಡುತ್ತದೆ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಅಗ್ಗವಾಗಿ ಸಿಕ್ಕರೂ, ಹತ್ತಿರ ಸರ್ವಿಸ್ ಇಲ್ಲದ ಮಾದರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಎರಡನೆಯ ಪ್ರಶ್ನೆ, ಇದೇ ಯಂತ್ರದ ಇಂಕು ಅಥವಾ ಟೋನರ್ ಈಗ ಅಂಗಡಿಯಲ್ಲಿ ಇದೆಯೇ ಎಂಬುದು. ತರಿಸಿಕೊಡುತ್ತೇವೆ ಎಂಬ ಉತ್ತರ ಬಂದರೆ ಬೇರೆ ಮಾದರಿಯನ್ನು ನೋಡುವುದು ಲೇಸು.

ಮೊಬೈಲಿನಲ್ಲಿ ಒತ್ತಕ್ಷರಗಳು ತುಂಬಿರುವ ಒಂದು ಕನ್ನಡ ಪಿಡಿಎಫ್ ಇಟ್ಟುಕೊಂಡು ಹೋಗಿ, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಅದನ್ನೇ ಮುದ್ರಿಸಿ ತೋರಿಸಲು ಕೇಳಬೇಕು. ಹಾಳೆಯನ್ನು ಹೊರಗಿನ ಬೆಳಕಿಗೆ ತಂದು ಓದಿ, ಒದ್ದೆ ಬೆರಳಿನಿಂದ ಒಂದು ಮೂಲೆಯನ್ನು ಉಜ್ಜಿ ನೋಡಬೇಕು. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆಸಿಕೊಳ್ಳಬೇಕು; ವಾರಂಟಿಗೆ ಅದು ಬೇಕಾಗುತ್ತದೆ. ಕೆಲವು ಕಂಪನಿಗಳ ವಾರಂಟಿ ಒಂದು ವರ್ಷ ಅಥವಾ ಇಷ್ಟು ಪುಟ, ಯಾವುದು ಮೊದಲೋ ಅಲ್ಲಿಯ ತನಕ ಎಂಬಂತಿರುತ್ತದೆ, ಹೆಚ್ಚು ಪುಟ ತೆಗೆಯುವವರು ಆ ಸಾಲನ್ನು ಓದಿಯೇ ಮುಂದುವರಿಯಬೇಕು.

ಹಳೆಯ ಯಂತ್ರ ಕೊಳ್ಳುವವರು ಲೇಸರ್ ಮಾತ್ರ ನೋಡಬೇಕು. ಬಳಸಿ ಬಿಟ್ಟ ಇಂಕ್‌ಜೆಟ್‌ನ ತಲೆ ಎಷ್ಟು ಒಣಗಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ, ಹೊಸ ತಲೆಯ ಬೆಲೆ ಅನೇಕ ಸಲ ಆ ಯಂತ್ರದ ಬೆಲೆಯನ್ನೇ ಮೀರುತ್ತದೆ. ಹಳೆಯ ಲೇಸರ್‌ನಲ್ಲಿ ಸೆಲ್ಫ್ ಟೆಸ್ಟ್ ಪುಟ ತೆಗೆಸಿ, ಅದುವರೆಗೆ ಮುದ್ರಿಸಿದ ಒಟ್ಟು ಪುಟಗಳ ಸಂಖ್ಯೆ ಅದರಲ್ಲಿ ಬಂದರೆ ಓದಿ, ಐದು ಹಾಳೆಯನ್ನು ಒಂದರ ಹಿಂದೆ ಒಂದು ಮುದ್ರಿಸಿ ನೋಡಬೇಕು. ಅಕ್ಷರ ಬೆರಳಿಗೆ ಪುಡಿಯಾಗಿ ಬಂದರೆ ಪುಡಿಯನ್ನು ಹಾಳೆಗೆ ಅಂಟಿಸುವ ಬಿಸಿಗಾಲಿ ಸವೆದಿದೆ. ಹಾಳೆಯ ಉದ್ದಕ್ಕೂ ಸಮ ಅಂತರದಲ್ಲಿ ಒಂದೇ ಕಲೆ ಮರಳಿ ಮರಳಿ ಬಂದರೆ ಬಹುತೇಕ ಡ್ರಮ್, ಅಂದರೆ ಪುಡಿಯನ್ನು ಹಾಳೆಗೆ ಮುಟ್ಟಿಸುವ ಉರುಳೆ, ಕೆಟ್ಟಿರುತ್ತದೆ. ಡ್ರಮ್ ಟೋನರ್ ಜೊತೆಗೇ ಬರುವ ಮಾದರಿಯಾದರೆ ಕಾರ್ಟ್ರಿಜ್ ಬದಲಿಸಿದಾಗ ಆ ಕಲೆ ಹೋಗುತ್ತದೆ, ಅಷ್ಟು ಹಣವನ್ನು ಬೆಲೆಯಲ್ಲಿ ಇಳಿಸಲು ಕೇಳಬಹುದು. ಬಿಸಿಗಾಲಿ ಸವೆದ ಯಂತ್ರವನ್ನು ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು.